ಪಾಲಿಕೆ ಅನುದಾನ ಕೊಡಿಸುತ್ತೇವೆ ಅಂತ ಯಾರಾದರೂ ನಿಮ್ಮ ಕೈಗೆ ರಸೀದಿ ಪುಸ್ತಕ ಕೊಟ್ಟರೆ ಮುಟ್ಟಬೇಡಿ

ದಾವಣಗೆರೆ, ಹರಿಹರ ಕಡೆಯವರು ದಯವಿಟ್ಟು ಪೂರ್ತಿ ಓದಿ. ಬೇರೆ ಊರಿನವರೂ ಓದಿ, ಇಂಥವರು ಒಂದೇ ಊರಲ್ಲಿ ನಿಲ್ಲುವವರಲ್ಲ. ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೆ ಸುಮ್ಮನೆ ಕೂತರೆ ನಾಳೆ ಇನ್ನೊಂದು ಬೀದಿಯ ಹೆಣ್ಣುಮಕ್ಕಳ ದುಡ್ಡು ಹೋಗುತ್ತೆ.

ಪಾಲಿಕೆ ಬಜೆಟ್‌ನಲ್ಲಿ ಬಡವರಿಗೆ ಅಂತಲೇ ಒಂದಿಷ್ಟು ದುಡ್ಡು ತೆಗೆದಿಡುತ್ತಾರೆ, ನಿಮಗೂ ಗೊತ್ತಿರುತ್ತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 24.10, ಇತರೆ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5. ಹೊಲಿಗೆ ಮಷಿನ್, ಓದುವ ಮಕ್ಕಳಿಗೆ ಸಹಾಯಧನ, ಅಂಗವಿಕಲರಿಗೆ ತ್ರಿಚಕ್ರ ವಾಹನ, ಇವೆಲ್ಲ ಬರುವುದು ಅದರಲ್ಲೇ. ಯೋಜನೆ ನಿಜ. ಅರ್ಜಿ ಕರೆಯುವುದೂ ನಿಜ. ಪಕ್ಕದ ಬೀದಿಯಲ್ಲಿ ಹಿಂದೆ ಮಷಿನ್ ಬಂದವರಿದ್ದಾರೆ. ಅದಕ್ಕೇ ಇವರು ಬಂದು ಹೇಳಿದಾಗ ಯಾರಿಗೂ ಅನುಮಾನ ಬರಲಿಲ್ಲ.

ಬಂದವರು ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು. ಯಾವುದೋ ಟ್ರಸ್ಟ್ ಹೆಸರು ಹೇಳಿದರು. ಪಾಲಿಕೆ ಜೊತೆ ಸೇರಿ ಕೆಲಸ ಮಾಡುತ್ತಿದ್ದೇವೆ, ವಾರ್ಡಿಗೊಬ್ಬರು ಸ್ವಯಂಸೇವಕರು ಬೇಕು ಅಂದರು. ನಮ್ಮ ಬೀದಿಯ ಮಹಿಳಾ ಸಂಘದ ಲೆಕ್ಕ ನೋಡಿಕೊಳ್ಳುವವಳು ನಾನು. ಕೊರೊನಾ ಟೈಮಲ್ಲಿ ರೇಷನ್ ಕಿಟ್ ಹಂಚಿದ್ದೆವು. ಅದನ್ನೆಲ್ಲ ಮೊದಲೇ ವಿಚಾರಿಸಿಕೊಂಡೇ ಬಂದಿದ್ದರು. "ಅಕ್ಕ, ಈ ಬೀದೀಲಿ ನಿಮ್ಮ ಮಾತು ನಡೆಯುತ್ತೆ ಅಂತ ಎಲ್ಲರೂ ಹೇಳಿದ್ರು. ಸಂಬಳ ಇಲ್ಲ, ಸೇವೆ ಅಷ್ಟೇ, ಕೊನೆಗೆ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಆ ಹೆಂಗಸು ನನ್ನ ಕೈ ಹಿಡಿದುಕೊಂಡು ಹೇಳಿದಳು. ಒಂದು ವಾರ ಬಿಟ್ಟು ನನ್ನ ಫೋಟೊ ಹಾಕಿದ ಐಡಿ ಕಾರ್ಡ್ ತಂದುಕೊಟ್ಟರು. ಅದರ ಜೊತೆಗೆ ರಸೀದಿ ಪುಸ್ತಕ.

ಆ ರಸೀದಿ ಪುಸ್ತಕದಲ್ಲೇ ಇದ್ದಿದ್ದು ಎಲ್ಲ.

ಹೊಲಿಗೆ ಮಷಿನ್‌ಗೆ ಅರ್ಜಿ ಹಾಕುವವರು ತಲಾ 650 ರೂಪಾಯಿ ಫೈಲ್ ಖರ್ಚು ಕೊಡಬೇಕು. ಪಟ್ಟಿಯಲ್ಲಿ ಹೆಸರು ಬಂದ ಮೇಲೆ 1,500 ರೂಪಾಯಿ ಫಲಾನುಭವಿ ವಂತಿಗೆ. ಸರ್ಕಾರದ ಎಷ್ಟೋ ಯೋಜನೆಗಳಲ್ಲಿ ವಂತಿಗೆ ಇರುತ್ತೆ ಅಲ್ವಾ, ಯಾರೂ ಪ್ರಶ್ನೆ ಮಾಡಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಕೊಟ್ಟರು. ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುವ ಒಬ್ಬರು, ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು, ಹತ್ತು ಇಪ್ಪತ್ತರ ನೋಟುಗಳನ್ನೇ ತಂದು ನಮ್ಮ ಕಟ್ಟೆ ಮೇಲೆ ಎಣಿಸಿ ಇಟ್ಟರು. ನೋಟಿನ ಅಂಚಿಗೆಲ್ಲ ಭಟ್ಟಿಯ ಮಸಿ. "ಮಷಿನ್ ಬಂದರೆ ಭಟ್ಟಿ ಬಿಡ್ತೀನಿ ಕಣಕ್ಕ, ಹೊಗೆ ಕುಡಿದು ಎದೆ ನೋವು ಬರುತ್ತೆ" ಅಂದರು. ಆ ದುಡ್ಡನ್ನೂ ಇವರು ಬಿಡಲಿಲ್ಲ. ಸಂಜೆ ಬಂದು ಎಲ್ಲ ಗುಡ್ಡೆ ಹಾಕಿಕೊಂಡು ಎಣಿಸಿ ತೆಗೆದುಕೊಂಡು ಹೋದರು.

ತರಕಾರಿ ಗಾಡಿ ತಳ್ಳುವವರೊಬ್ಬರಿಗೆ ಬೇರೆ ಕಥೆ. ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರ ಕೊಡಿಸುವ ಪಿಎಂ ಸ್ವನಿಧಿ ದುಡ್ಡು ವಾಪಸ್ ಕಟ್ಟೋ ಹಾಗಿಲ್ಲ, ಅದು ಅನುದಾನ ಅಂದಿದ್ದಾರೆ. ಸುಳ್ಳು. ಅದು ಬ್ಯಾಂಕ್ ಸಾಲ. ಜಾಮೀನು ಬೇಡ, ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ಶೇ. 7 ಸಹಾಯಧನ ಸಿಗುತ್ತೆ, ಅಷ್ಟೇ. 2020ರಲ್ಲಿ ಶುರುವಾದಾಗ ಮೊದಲ ಕಂತು 10,000 ಇತ್ತು, 2025ರಲ್ಲಿ 15,000 ಮಾಡಿದರು. ಅಸಲು ಕಟ್ಟಲೇಬೇಕು. ಇವರ ಮಾತು ನಂಬಿ ಸಾಲ ತೆಗೆದು ಕಟ್ಟದೇ ಕೂತಿದ್ದರೆ ಆ ಮನುಷ್ಯನ ಗತಿ ಏನು?

ಆಮೇಲೆ ಶುರುವಾಯಿತು ನೋಡಿ. "ಫೈಲ್ ಮೂವ್ ಆಗ್ತಾ ಇದೆ ಅಕ್ಕ." "ಕಮಿಷನರ್ ಸಾಹೇಬ್ರ ಸಹಿ ಒಂದೇ ಬಾಕಿ." "ಲಿಸ್ಟ್ ಡಿಸಿ ಆಫೀಸಲ್ಲಿದೆ." "ನೀತಿ ಸಂಹಿತೆ ಬಂದುಬಿಡ್ತಲ್ಲ, ನಾವೇನು ಮಾಡೋಣ?" ಯಾವ ಚುನಾವಣೆಗೆ ನೀತಿ ಸಂಹಿತೆ ಅಂತ ಕೇಳಿದರೆ ಉತ್ತರ ಇಲ್ಲ, ಕೈ ಮುಗಿಯುವ ಚಿತ್ರ ಮಾತ್ರ. ಬೀದಿಯಲ್ಲಿ ದಿನಾ ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು, ಅಕ್ಕ ಏನಾಯ್ತು, ಅಕ್ಕ ಯಾವಾಗ. ಕೊನೆಗೆ ರಸೀದಿ ಹಿಡಿದುಕೊಂಡು ನಾನೇ ಪಾಲಿಕೆಗೆ ಹೋದೆ.

ಅಲ್ಲಿನ ಕೇಸ್ ವರ್ಕರ್ ಪಾಪ ಒಳ್ಳೆಯವರು. ರಸೀದಿ ತಿರುಗಿಸಿ ನೋಡಿದರು, ಮತ್ತೆ ಮುಂದೆ ತಿರುಗಿಸಿದರು. "ಅಮ್ಮ, ಇದರಲ್ಲಿ ನಮ್ಮ ಆವಕ ಸಂಖ್ಯೆನೂ ಇಲ್ಲ, ಸೀಲೂ ಇಲ್ಲ. ಹೊಲಿಗೆ ಯಂತ್ರಕ್ಕೆ ನಾವು ಇನ್ನೂ ಅರ್ಜಿನೇ ಕರೆದಿಲ್ಲ" ಅಂದರು. ನನಗೆ ಅರ್ಥವೇ ಆಗಲಿಲ್ಲ, ಇನ್ನೊಂದು ಸಲ ಕೇಳಿದೆ. ಅದನ್ನೇ ಹೇಳಿದರು. ಅರ್ಜಿ ಕರೆದೇ ಇಲ್ಲ. ಕರೆಯದ ಅರ್ಜಿಗೆ ಫೈಲ್ ಎಲ್ಲಿಂದ, ಸಹಿ ಎಲ್ಲಿಂದ, ಲಿಸ್ಟ್ ಎಲ್ಲಿಂದ? ಆಮೇಲೆ ಅವರು ರಸೀದಿಯ ಕೆಳಗಡೆ ಬೆರಳಿಟ್ಟು ತೋರಿಸಿದರು. ಇರುವೆ ಸಾಲಿನಂಥ ಅಕ್ಷರ. "ಸ್ವಯಂಪ್ರೇರಿತ ದೇಣಿಗೆ. ಹಿಂತಿರುಗಿಸಲಾಗುವುದಿಲ್ಲ." ಹಣ ಪಡೆದವರು ಅನ್ನುವ ಜಾಗದಲ್ಲಿ ನನ್ನ ಸಹಿ. ಎಲ್ಲ ರಸೀದಿಯಲ್ಲೂ ನನ್ನದೇ ಸಹಿ. ಅವರಿಬ್ಬರ ಹೆಸರು ಒಂದರಲ್ಲೂ ಇಲ್ಲ!

ಅಲ್ಲೇ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದೆ. ಆ ಗಂಡಸು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಮೇಡಂ, ನಾವು ಯಾರ ಹತ್ರನೂ ದುಡ್ಡು ಕೇಳಿಲ್ಲ. ಕಲೆಕ್ಟ್ ಮಾಡಿದ್ದು ನೀವು. ರಸೀದಿ ಹರಿದಿದ್ದು ನೀವು. ಜನ ಖುಷಿಯಿಂದ ದೇಣಿಗೆ ಕೊಟ್ಟಿದ್ದಾರೆ." ಅಲ್ಲಿತನಕ ಅಕ್ಕ ಅಕ್ಕ ಅಂತಿದ್ದವನು ಅವತ್ತು ಮೇಡಂ ಅಂದ. ಪೊಲೀಸರಿಗೆ ಹೇಳುತ್ತೇನೆ ಅಂದಿದ್ದಕ್ಕೆ, "ಹೇಳಿ, ಮೊದಲು ನಿಮ್ಮನ್ನೇ ಕೂರಿಸ್ತಾರೆ" ಅಂದ. ಆ ಹೆಂಗಸಿಗೆ ಮಾಡಿದರೆ, "ನಾನೂ ನಿಮ್ಮ ಥರ ವಾಲಂಟಿಯರ್ ಅಷ್ಟೇ ಅಕ್ಕ, ನನ್ನನ್ನ ಇದರಲ್ಲಿ ಎಳೀಬೇಡಿ." ಮಾರನೇ ದಿನದಿಂದ ಎರಡೂ ನಂಬರ್ ಸ್ವಿಚ್ ಆಫ್.

ಇದಕ್ಕೇ ಇವರಿಗೆ ಸ್ವಯಂಸೇವಕರು ಬೇಕಾಗಿದ್ದು. ಊರಿನ ನಂಬಿಕೆ ನಮ್ಮದು, ಸಹಿ ನಮ್ಮದು, ಬೈಗುಳ ನಮಗೆ, ದುಡ್ಡು ಅವರಿಗೆ. ನಿಜವಾಗಿ ಸೇವೆ ಮಾಡೋಣ ಅಂತ ಬರುವವರ ಹೆಸರನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ. ಇವತ್ತು ನಮ್ಮ ಬೀದಿಯಲ್ಲಿ ನಲ್ಲಿ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತೆ. "ನಿನಗೆಷ್ಟು ಕೊಟ್ರು?" ಅಂತ ಒಬ್ಬರು ಮುಖದ ಮೇಲೇ ಕೇಳಿದರು. ಮಂಡಕ್ಕಿ ಭಟ್ಟಿಯವರು ಮಾತ್ರ ಏನೂ ಕೇಳಿಲ್ಲ. ಅವರ ದುಡ್ಡು ನಾನೇ ಕೊಟ್ಟಿದ್ದೇನೆ, ಉಳಿದವರದು ಒಟ್ಟಿಗೆ ಕೊಡುವ ಶಕ್ತಿ ನನಗಿಲ್ಲ.

ದುಡ್ಡಿಗಿಂತ ಜಾಸ್ತಿ ಭಯ ಆಗುತ್ತಿರುವುದು ದಾಖಲೆಗಳದ್ದು. ಎಲ್ಲರ ಆಧಾರ್ ಜೆರಾಕ್ಸ್, ಪಾಸ್‌ಬುಕ್ ಜೆರಾಕ್ಸ್, ಫೋಟೊ ಅವರ ಹತ್ತಿರ ಇದೆ. ಕೆಲವರ ಹತ್ತಿರ ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಯಾಕೆ ಅಂತ ಕೇಳಿದ್ದಕ್ಕೆ "ಆಫೀಸ್ ಕಾಪಿ" ಅಂದಿದ್ದರಂತೆ. ಇಂಥವರ ಕೈಗೆ ದಾಖಲೆ ಕೊಟ್ಟವರು ಮೊದಲು ಆಧಾರ್ ಬಯೋಮೆಟ್ರಿಕ್ ಲಾಕ್ (ನಿಮ್ಮ ಬೆರಳಚ್ಚು ಬೇರೆಯವರು ಬಳಸದ ಹಾಗೆ) ಮಾಡಿಸಿ, ಆಧಾರ್‌ನ ಅಧಿಕೃತ ಆ್ಯಪ್‌ನಲ್ಲೇ ಆಗುತ್ತೆ, ಮನೆಯ ಹುಡುಗರಿಗೆ ಹೇಳಿದರೆ ಮಾಡಿಕೊಡುತ್ತಾರೆ.

ಠಾಣೆಗೆ ದೂರು ಕೊಟ್ಟಿದ್ದೇವೆ. ನಾನೊಬ್ಬಳೇ ಅಲ್ಲ, ದುಡ್ಡು ಕೊಟ್ಟ ಹೆಣ್ಣುಮಕ್ಕಳಲ್ಲಿ ಕೆಲವರು ಸೇರಿ ಸಹಿ ಹಾಕಿದ್ದಾರೆ. ಹಿಂದೆ 420 ಅಂತಿದ್ದರಲ್ಲ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 318. ಫೋನ್‌ಪೇಯಲ್ಲಿ ಹಾಕಿದವರ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ ಎಲ್ಲ ಪ್ರಿಂಟ್ ತೆಗೆದು ಕೊಟ್ಟೆ. ಅವರು ಮೆಸೇಜ್‌ಗಳನ್ನು ಡಿಲೀಟ್ ಮಾಡುವುದಕ್ಕೆ ಮೊದಲೇ ನನ್ನ ಮಗಳು ಫೋಟೊ ತೆಗೆದಿಟ್ಟಿದ್ದಳು, ಅದು ಉಪಕಾರಕ್ಕೆ ಬಂತು. ಆನ್‌ಲೈನಲ್ಲಿ ದುಡ್ಡು ಹೋದವರು ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಮ್ಮವರು ಹೆಚ್ಚಿನವರು ನಗದು ಕೊಟ್ಟಿದ್ದರಿಂದ ಆ ದಾರಿ ಇರಲಿಲ್ಲ.

ಇಷ್ಟು ನೆನಪಿಡಿ. ಈ ಅನುದಾನಗಳಿಗೆ ಅರ್ಜಿ ಕರೆದರೆ ಪೇಪರ್‌ನಲ್ಲಿ ಪ್ರಕಟಣೆ ಬರುತ್ತೆ, ಪಾಲಿಕೆ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಅರ್ಜಿ ನೀವೇ ಹೋಗಿ ಕೊಡಿ, ಸೀಲ್ ಹಾಕಿದ ಸ್ವೀಕೃತಿ ಕೈಗೆ ಬರುವ ತನಕ ಅಲ್ಲಿಂದ ಕದಲಬೇಡಿ. ಟ್ರಸ್ಟ್‌ಗೆ ನೋಂದಣಿ ಸಂಖ್ಯೆ ಇದೆ ಅಂದರೆ ಟ್ರಸ್ಟ್ ಇದೆ ಅಂತ ಮಾತ್ರ ಅರ್ಥ, ಪಾಲಿಕೆ ಅವರಿಗೆ ಕೆಲಸ ಕೊಟ್ಟಿದೆ ಅಂತ ಅಲ್ಲ. ಪಾಲಿಕೆಯಲ್ಲಿ ಸಮುದಾಯ ಸಂಘಟನಾಧಿಕಾರಿ ಅಂತ ಇರುತ್ತಾರೆ, ಅವರನ್ನು ಒಂದು ಮಾತು ಕೇಳಿ. ಬಾಯಿಮಾತು ಸಾಲದು ಅನಿಸಿದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಗೆ ಅರ್ಜಿ ಹಾಕಿ, 30 ದಿನದಲ್ಲಿ ಬರಹದಲ್ಲೇ ಉತ್ತರ ಕೊಡಬೇಕು. ನಿಮ್ಮನ್ನು ಸ್ವಯಂಸೇವಕರಾಗಿ ಅಂದರೆ ಖಂಡಿತ ಆಗಿ, ಆದರೆ ದುಡ್ಡು ಇಸಿದುಕೊಳ್ಳುವ ಕೆಲಸ ಅಂದರೆ ಅವತ್ತೇ ಎದ್ದು ಬನ್ನಿ. ಎದುರಿಗಿರುವವರು ಎಷ್ಟೇ ಒಳ್ಳೆಯವರ ಥರ ಕಾಣಲಿ.

ನಿಮ್ಮ ಏರಿಯಾದಲ್ಲೂ ಹೊಲಿಗೆ ಮಷಿನ್ ಅಂತ 650 ರೂಪಾಯಿ ರಸೀದಿ ಕೊಟ್ಟಿದ್ದರೆ, ಕೆಳಗಡೆ ದೇಣಿಗೆ ಅಂತ ಸಣ್ಣಕ್ಷರ ಇದ್ದರೆ, ದಯವಿಟ್ಟು ನಿಮ್ಮ ಠಾಣೆಯಲ್ಲಿ ದೂರು ಕೊಡಿ. ಮೂಲ ರಸೀದಿ ಯಾರಿಗೂ ಕೊಡಬೇಡಿ, ಜೆರಾಕ್ಸ್ ಮಾತ್ರ ಕೊಡಿ. "ದುಡ್ಡು ವಾಪಸ್ ಕೊಡ್ತೀವಿ, ರಸೀದಿ ತನ್ನಿ" ಅಂತ ಹೊಸ ನಂಬರಿಂದ ಫೋನ್ ಬಂದರೂ ಕೊಡಬೇಡಿ. ನಮ್ಮ ಬೀದಿಯಲ್ಲಿ ಇಬ್ಬರಿಗೆ ಹಾಗೆ ಫೋನ್ ಬಂದಿದೆ.