ಆಕಾಶಗಂಗೆ ನೋಡಲು ಬೈನಾಕ್ಯುಲರೋ, ರಟ್ಟಿನ ಕಹಳೆಯೋ?

ಕಡಲೆಕಾಯಿ ಪರಿಷೆಯ ನೂಕುನುಗ್ಗಲಲ್ಲಿ ನಿಂತು ಪರಿಷೆ ಎಲ್ಲಿಯವರೆಗೆ ಹಬ್ಬಿದೆ ಅಂತ ಹೇಳಿ ನೋಡೋಣ. ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣಲ್ಲ. ಆಕಾಶಗಂಗೆಯೊಳಗೆ ನಮ್ಮದೂ ಇದೇ ಪಾಡು. ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲದ ತಟ್ಟೆಯಲ್ಲಿ, ನಡುವಿನಿಂದ 26,000 ಜ್ಯೋತಿರ್ವರ್ಷ ದೂರ ನಮ್ಮ ಜಾಗ. 1785ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ನಕ್ಷತ್ರ ಎಣಿಸಿ ನಕ್ಷೆ ಬರೆದಾಗ ಸೂರ್ಯ ಹೆಚ್ಚುಕಡಿಮೆ ಮಧ್ಯದಲ್ಲೇ ಬಂದು ಕೂತಿದ್ದ!

ಬಸವನಗುಡಿಯ ನಮ್ಮ ತಾರಸಿಯಲ್ಲಿ ಬರಿಗಣ್ಣಿನ ಮಾತೇ ಬೇಡ. 10×50 ಬೈನಾಕ್ಯುಲರಿಗೆ ನಕ್ಷತ್ರಗಳೇನೋ ಸಿಕ್ಕವು, ಹಿಂದೆಲ್ಲ ಬೀದಿದೀಪದ ಬೂದು. ಅದನ್ನೇ ಪಾವಗಡದ ಹತ್ತಿರ ನೆಂಟರ ತೋಟಕ್ಕೆ ಒಯ್ದೆ. ಮಾರ್ಚ್ ಅಮಾವಾಸ್ಯೆ, ಬೆಳಗಿನ ಜಾವ ನಾಲ್ಕು. ಆಗ್ನೇಯಕ್ಕೆ, ವೃಶ್ಚಿಕದ ಕೊಂಡಿ ದಾಟಿ ಧನುವಿನ ಕಡೆ, ಕೆನೆ ಒಡೆದಂಥ ಬೆಳಕು, ನಡುನಡುವೆ ಕಪ್ಪು ಸೀಳು. ಆ ಕಪ್ಪು ಖಾಲಿ ಜಾಗವಲ್ಲ, ದೂಳು. ಗಂಗೆಯ ಕೇಂದ್ರದಿಂದ ಹೊರಟ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಉಳಿಯುವುದು ಲಕ್ಷ ಕೋಟಿಯಲ್ಲಿ ಒಂದು ಪಾಲಷ್ಟೇ. ಹರ್ಷೆಲ್ ಎಡವಿದ್ದೂ ಇದೇ ದೂಳಿನಲ್ಲಿ.

ರೇಡಿಯೋ ತರಂಗಕ್ಕೆ ಆ ದೂಳು ಲೆಕ್ಕಕ್ಕೇ ಇಲ್ಲ. ಹೈಡ್ರೋಜನ್ ಅನಿಲ 21 ಸೆಂಟಿಮೀಟರ್ ತರಂಗದಲ್ಲಿ ಸಣ್ಣಗೆ ಗುನುಗುತ್ತಲೇ ಇರುತ್ತದೆ. ಅದನ್ನು ಹಿಡಿಯಲು ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಕಹಳೆಯಾಕಾರದ ಆಂಟೆನಾ ಮಾಡಿ, ಒಳಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ಬುಡದ ತಗಡಿನ ಡಬ್ಬದಲ್ಲಿ ಐದು ಸೆಂಟಿಮೀಟರ್ ತಾಮ್ರದ ತಂತಿ ನಿಲ್ಲಿಸಿದೆ. ಅಲ್ಲಿಂದ ಆಂಪ್ಲಿಫೈಯರ್, ರೇಡಿಯೋ ಸಂಕೇತವನ್ನು ಲ್ಯಾಪ್‌ಟಾಪಿಗೆ ಒಪ್ಪಿಸುವ ಡಾಂಗಲ್, ಲ್ಯಾಪ್‌ಟಾಪ್. "ಡಿಶ್ ಕೆಟ್ಟಿದ್ಯೇನೋ?" ಅಂದರು ಅಮ್ಮ.

ಮೊದಲ ಮೂರು ರಾತ್ರಿ ಸಿಕ್ಕಿದ್ದು ಲ್ಯಾಪ್‌ಟಾಪ್ ಚಾರ್ಜರಿನ ಗದ್ದಲ. ಅದನ್ನು ಕಿತ್ತಿಟ್ಟು, ಅಕ್ಟೋಬರಿನ ಒಂದು ಸಂಜೆ ಏಳಕ್ಕೆ ರಾಜಹಂಸ ಪುಂಜದತ್ತ ತಿರುಗಿಸಿದೆ. ಪೂರ್ತಿ ಮೋಡ. ಹತ್ತು ನಿಮಿಷದ ಸಂಕೇತ ಸೇರಿಸಿದ ಮೇಲೆ ಗ್ರಾಫಿನಲ್ಲಿ 1420.4 ಮೆಗಾಹರ್ಟ್ಸ್ ಹತ್ತಿರ, ಅಂದರೆ ಆ 21 ಸೆಂಟಿಮೀಟರ್ ತರಂಗದ ಆವರ್ತನದಲ್ಲಿ, ಒಂದು ದಿಬ್ಬ ಎದ್ದಿತು. ಹೆಚ್ಚಿನ ಆವರ್ತನದ ಕಡೆ ಇನ್ನೊಂದು ಗಿಡ್ಡ ದಿಬ್ಬ. ಮೊದಲನೆಯದು ನಮ್ಮ ನೆರೆಯ ಅನಿಲ. ಎರಡನೆಯದು ಗಂಗೆಯ ಸುರುಳಿತೋಳುಗಳಲ್ಲಿ ನಮ್ಮಿಂದಾಚೆಯ ಪರ್ಸಿಯಸ್ ತೋಳಿನದು, ನಮ್ಮತ್ತ ಬರುತ್ತಿರುವುದರಿಂದ ಆವರ್ತನ ಏರಿದೆ. ಪರಿಷೆಯಲ್ಲಿ ಮುಂದಿನವರ ಬೆನ್ನ ಆಚೆ ನಿಂತವರ ದನಿ ಕೇಳಿದ ಹಾಗಾಯಿತು.

ಕಣ್ತುಂಬಾ ನೋಡಬೇಕೆಂದರೆ ಪಾವಗಡವೇ. ಕಹಳೆ ಕೊಡುವುದು ಬರೀ ಗ್ರಾಫು, ಅದನ್ನು ತೋರಿಸಿದರೆ ಮನೆಯಲ್ಲಿ ಯಾರೂ ವಾವ್ ಅನ್ನಲ್ಲ. ಬೆಂಗಳೂರಲ್ಲೇ ಇದ್ದು ಗಂಗೆಯ ಆಕಾರ ತಿಳಿಯಬೇಕೆಂದರೆ ನನ್ನ ಮತ ಕಹಳೆಗೆ.

ಮೋಡ ಅಡ್ಡಿಯಾಗಲಿಲ್ಲ ನಿಜ, ಮಳೆ ಬಿಡಲಿಲ್ಲ. 1951ರಲ್ಲಿ ಈ ಗುನುಗನ್ನು ಮೊದಲು ಹಿಡಿದ ಹಾರ್ವರ್ಡಿನ ಕಹಳೆಯೂ ಮಳೆನೀರನ್ನು ಆಲಿಕೆಯ ಹಾಗೆ ಲ್ಯಾಬಿನೊಳಕ್ಕೆ ಸುರಿದಿತ್ತಂತೆ. ನನ್ನದು ನೆನೆದು ಮುದ್ದೆಯಾಯಿತು. ಮುಂದಿನದು ತಗಡಿನದೇ.