ಸಿಟಿಜನ್‌ಶಿಪ್ ಟೆಸ್ಟ್‌ಗೆ ಹಳೇ ಪಿಡಿಎಫ್ ನಂಬ್ಕೊಂಡು ಹೋಗ್ಬೇಡಿ, ನಮ್ಮಮ್ಮ ಫೇಲ್ ಆಗಿದ್ದು ಅದರಿಂದಾನೇ

ಅಮೆರಿಕದಲ್ಲಿ ಅಪ್ಪ ಅಮ್ಮಂಗೆ ಎನ್-400 (ಸಿಟಿಜನ್‌ಶಿಪ್ ಅರ್ಜಿ) ಹಾಕಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ನಾವಿರೋದು ನ್ಯೂಜೆರ್ಸಿ, ಮೌಂಟ್ ಲಾರೆಲ್. ಅಮ್ಮನ ಇಂಟರ್ವ್ಯೂ ಇದ್ದಿದ್ದು 2025ರ ಫೆಬ್ರವರೀಲಿ. ಅಮ್ಮ ಶಿವಮೊಗ್ಗ ಕಡೆ ಪ್ರೈಮರಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದೋಳು, ಬಾಯಿಪಾಠ ಅಂದ್ರೆ ಅವಳಿಗೆ ನೀರು ಕುಡಿದಷ್ಟು ಸುಲಭ. ಯಾರೋ ಆನ್‌ಲೈನ್ ಕ್ಲಾಸ್ ಮಾಡ್ತಾರೆ ಅಂತ ದುಡ್ಡು ಕೊಟ್ಟು ಸೇರಿಸಿದ್ವಿ, ಅವರು "2025 ಅಪ್‌ಡೇಟೆಡ್" ಅಂತ ಕವರ್ ಹಾಕಿದ್ದ ಪಿಡಿಎಫ್ ಕಳಿಸಿದ್ರು, ಅಮ್ಮ ಟೆಸ್ಟ್ ಪಟ್ಟಿಯ 100 ಪ್ರಶ್ನೇನೂ ನೋಟ್‌ಬುಕ್‌ಗೆ ಇಳಿಸ್ಕೊಂಡು, ಹೆಸರುಗಳನ್ನೆಲ್ಲ ಕನ್ನಡದಲ್ಲಿ ಬರ್ಕೊಂಡು, ದಿನಾ ಬೆಳಿಗ್ಗೆ ಕಾಫಿ ಆದ್ಮೇಲೆ ಒಂದು ಗಂಟೆ ಓದ್ತಿದ್ಲು.

ಆ ಪಿಡಿಎಫಲ್ಲಿ ಬದಲಾಗಿದ್ದು ಕವರ್ ಒಂದೇ. ಒಳಗಡೆ ನ್ಯೂಜೆರ್ಸಿ ಸೆನೆಟರ್ ಬಾಬ್ ಮೆನೆಂಡೆಜ್ ಅಂತಿತ್ತು, ಅವರು 2024ರ ಆಗಸ್ಟಲ್ಲೇ ರಾಜೀನಾಮೆ ಕೊಟ್ಟಾಗಿತ್ತು. ನಮ್ಮ 3ನೇ ಡಿಸ್ಟ್ರಿಕ್ಟ್ (ಅಂದ್ರೆ ಚುನಾವಣಾ ಕ್ಷೇತ್ರ) ರೆಪ್ರೆಸೆಂಟೇಟಿವ್ ಆಂಡಿ ಕಿಮ್ ಅಂತಿತ್ತು, ಆದ್ರೆ ಅವರು ಡಿಸೆಂಬರಲ್ಲಿ ಸೆನೆಟರ್ ಆಗಿಬಿಟ್ಟಿದ್ರು, ಜನವರಿಯಿಂದ ಆ ಜಾಗಕ್ಕೆ ಹರ್ಬ್ ಕಾನವೇ ಬಂದಿದ್ರು. ಹೌಸ್ (ನಮ್ಮ ಲೋಕಸಭೆ ಥರ, ರೆಪ್ರೆಸೆಂಟೇಟಿವ್‌ಗಳು ಕೂರೋ ಸಭೆ) ಸ್ಪೀಕರ್ ಹೆಸರಂತೂ ಇನ್ನೂ ಕೆವಿನ್ ಮೆಕಾರ್ಥಿ, ಮೈಕ್ ಜಾನ್ಸನ್ ಬಂದು ವರ್ಷದ ಮೇಲಾಗಿತ್ತು!

ಆಫೀಸರ್ ಮೊದಲು ಕೇಳಿದ್ದೇ ಸೆನೆಟರ್ ಹೆಸರು. ಅಮ್ಮ ಮೆನೆಂಡೆಜ್ ಅಂದ್ಲು, ತಪ್ಪು. ರೆಪ್ರೆಸೆಂಟೇಟಿವ್ ಯಾರು ಅಂದ್ರೆ ಆಂಡಿ ಕಿಮ್ ಅಂದ್ಲು, ಅದೂ ತಪ್ಪು. ನೋಡಿ, ಅದೇ ಹೆಸರನ್ನ ಹಿಂದಿನ ಪ್ರಶ್ನೆಗೆ ಹೇಳಿದ್ದಿದ್ರೆ ಸರಿ ಆಗ್ತಿತ್ತು, ಇದನ್ನ ನೆನೆಸ್ಕೊಂಡ್ರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಸ್ಪೀಕರ್ ಪ್ರಶ್ನೇನೂ ಹೋಯ್ತು. ಅಷ್ಟೊತ್ತಿಗೆ ಅಮ್ಮನ ಕೈ ನಡುಗ್ತಿತ್ತಂತೆ, ಹೌಸಲ್ಲಿ ಎಷ್ಟು ವೋಟಿಂಗ್ ಮೆಂಬರ್ಸ್ ಅಂತ ಕೇಳಿದ್ದಕ್ಕೆ 435 ಅನ್ನೋ ಬದಲು 100 ಅಂದ್ಬಿಟ್ಲು, ಕಾನ್‌ಸ್ಟಿಟ್ಯೂಷನ್‌ಗೆ ಎಷ್ಟು ಅಮೆಂಡ್‌ಮೆಂಟ್ ಅನ್ನೋದಕ್ಕೆ 27 ಅಂತ ಬಾಯಿಗೇ ಬರ್ಲಿಲ್ಲ. ಹತ್ತಕ್ಕೆ ಆರು ಸರಿ ಇರ್ಬೇಕು, ಐದು ತಪ್ಪಾಯ್ತು. ಇಂಗ್ಲಿಷ್ ಓದೋದು ಬರೆಯೋದು ಎರಡೂ ಪಾಸಾಗಿತ್ತು. ಕಾರಲ್ಲಿ ಮನೆ ತಲುಪೋವರೆಗೂ ಒಂದು ಮಾತಾಡ್ಲಿಲ್ಲ, ಕೊನೆಗೆ "ನಾನು ಸರಿಯಾಗೇ ಓದಿದ್ದೆ ಕಣೇ" ಅಂದ್ಲು ಅಷ್ಟೆ. ಅವಳು ಓದಿದ್ದು ಸರಿಯಾಗೇ ಇತ್ತು, ಚೆಕ್ ಮಾಡ್ದೇ ಕೊಟ್ಟಿದ್ದು ನಾನು.

ಫೇಲ್ ಆದ್ರೆ 60ರಿಂದ 90 ದಿನದೊಳಗೆ ಇನ್ನೊಂದು ಸಲ ಕರೀತಾರೆ, ಫೇಲ್ ಆದ ಭಾಗ ಮಾತ್ರ ಮತ್ತೆ ಕೇಳ್ತಾರೆ. ಅದೂ ಹೋದ್ರೆ ಅರ್ಜಿ ರಿಜೆಕ್ಟ್, ಮತ್ತೆ ಮೊದಲಿಂದ, ಫೀಸೂ ಮತ್ತೆ (ಆನ್‌ಲೈನ್ ಹಾಕಿದ್ರೆ 710 ಡಾಲರ್).

ಹಂಗಾಗಿ ಕ್ಲಾಸ್‌ನೋರು, ಆ್ಯಪು, ವಾಟ್ಸ್ಯಾಪಲ್ಲಿ ಬಂದಿದ್ದು, ಯಾವುದನ್ನೂ ಈ ನಾಲ್ಕೈದು ಹೆಸರಿಗೆ ನಂಬ್ಬೇಡಿ. ರೆಪ್ರೆಸೆಂಟೇಟಿವ್ ಹೆಸರನ್ನ ಹೌಸ್ ಡಾಟ್ ಗವ್‌ನಲ್ಲಿ ನಿಮ್ಮ ಈಗಿನ ಅಡ್ರೆಸ್ ಹಾಕಿ ನೋಡಿ, ಬರೀ ಜಿಪ್ ಕೋಡ್ ಹಾಕಿದ್ರೆ ಕೆಲವು ಕಡೆ ಎರಡು ಡಿಸ್ಟ್ರಿಕ್ಟ್ ತೋರಿಸುತ್ತೆ, ಎಡಿಸನ್ ಕಡೆ ಇರೋ ಅಕ್ಕನ ಉತ್ತರ ನಿಮಗೆ ಆಗಲ್ಲ. ಸೆನೆಟರ್ ಅಂದ್ರೆ ವಾಷಿಂಗ್ಟನ್‌ಗೆ ಹೋಗೋ ಇಬ್ಬರು, ನ್ಯೂಜೆರ್ಸಿ ರಾಜಧಾನಿ ಟ್ರೆಂಟನ್‌ನಲ್ಲಿ ಕೂರೋ 40 ಜನ ಸ್ಟೇಟ್ ಸೆನೆಟರ್‌ಗಳಲ್ಲ, ಇದನ್ನ ತುಂಬಾ ಜನ ಕಲಸ್ಕೊತಾರೆ. ಇಂಟರ್ವ್ಯೂ ಹಿಂದಿನ ದಿನ ಇನ್ನೊಂದು ಸಲ ನೋಡಿ. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದೋರಿಗೆ ಹೊಸ ಟೆಸ್ಟ್, 128 ಪ್ರಶ್ನೆಯ ಪಟ್ಟಿಯಿಂದ 20 ಕೇಳ್ತಾರೆ, 12 ಸರಿ ಇರ್ಬೇಕು, ಸೆನೆಟರ್, ಗವರ್ನರ್ ಥರ ನಿಮ್ಮ ಸ್ಟೇಟ್ ಬಗ್ಗೆ ಇರೋ ಪ್ರಶ್ನೆಗಳು ಅದರಲ್ಲೂ ಇವೆ.

ಅಮ್ಮ ಮೇನಲ್ಲಿ ಪಾಸಾದ್ಲು. ಈಗ ಪಕ್ಕದ ಬೀದಿ ಆಂಟಿ ಓದ್ತಿದಾರೆ, ಈ ಜನವರೀಲಿ ಅಮ್ಮ ಅವರ ಮನೆಗೆ ಹೋಗಿ ಅವರ ನೋಟ್‌ಬುಕ್ಕಲ್ಲಿ ಗವರ್ನರ್ ಫಿಲ್ ಮರ್ಫಿ ಅಂತಿದ್ದಿದ್ದನ್ನ ಹೊಡೆದ್ಹಾಕಿ ಮೈಕಿ ಶೆರಿಲ್ ಅಂತ ಕೆಂಪು ಪೆನ್ನಲ್ಲಿ ಬರೆದು ಬಂದಿದಾಳೆ.