ಮತ್ತಿ ತೊಲೆಗೆ ಲ್ಯಾಗ್ ಬೋಲ್ಟ್: ತೂತು 8 ಎಂಎಂ ಬೇಕಾ, 9 ಬೇಕಾ, 10 ಬೇಕಾ?

ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ತೂಗುಮಂಚ ಕಟ್ಟಬೇಕಿತ್ತು. ಮೇಲಿರೋದು ಅಜ್ಜನ ಕಾಲದ ಮತ್ತಿ ತೊಲೆ. ಒಣಗಿ ಒಣಗಿ ಕಲ್ಲಿನಂತಾದ ಮರ. 12 ಎಂಎಂ ದಪ್ಪ, 150 ಎಂಎಂ ಉದ್ದದ ಲ್ಯಾಗ್ ಬೋಲ್ಟ್ ತಂದೆ. ಅಂದರೆ ನಟ್ ಇಲ್ಲದೆ ಪಾನಾದಲ್ಲಿ ನೇರ ಮರಕ್ಕೇ ತಿರುಗಿಸುವ ದಪ್ಪ ಸ್ಕ್ರೂ. ಕೋಚ್ ಸ್ಕ್ರೂ ಅಂತ ಕೇಳಿದರೂ ಇದನ್ನೇ ಕೊಡುತ್ತಾರೆ. ತೊಲೆಗೆ ಕೈ ಹಾಕುವ ಮೊದಲು ಕೊಟ್ಟಿಗೆಯಲ್ಲಿದ್ದ ಹಳೇ ಮತ್ತಿ ತುಂಡಿಗೆ ಮೂರು ಅಳತೆಯ ತೂತು ಕೊರೆದು ನೋಡಿದೆ.

8 ಎಂಎಂ ತೂತಿನಲ್ಲಿ ಬೋಲ್ಟ್ ಅರ್ಧ ಹೋಗುವಷ್ಟರಲ್ಲೇ ಕಿರುಗುಟ್ಟತೊಡಗಿತು. ಪಾನಾಕ್ಕೆ ಪೈಪು ಸಿಕ್ಕಿಸಿ ಇನ್ನೊಂದು ಸುತ್ತು ಎಳೆದೆ. ಟಕ್ ಅಂತ ತಲೆ ಮುರಿದು ಕೆಳಗೆ ಬಿತ್ತು. ಉಳಿದದ್ದು ಮರದೊಳಗೇ. ತೊಲೆಯಲ್ಲೇ ಹೀಗಾಗಿದ್ದರೆ ಅದನ್ನು ತೆಗೆಯೋದು ಹೇಗೆ ಹೇಳಿ?

10 ಎಂಎಂ ತೂತಿನಲ್ಲಿ ಸಲೀಸಾಗಿ ಹೋಯಿತು. ಆದರೆ ಕೊನೆಗೆ ಬಿಗಿಯೇ ಸಾಲಲಿಲ್ಲ. 9 ಎಂಎಂ ಸರಿಯಾಗಿ ಕೂತಿತು. ಥ್ರೆಡ್ ಬಿಟ್ಟರೆ ಈ ಬೋಲ್ಟಿನ ಒಳದಪ್ಪ ಹತ್ತಿರ ಹತ್ತಿರ 9 ಎಂಎಂ. ಅಷ್ಟು ಜಾಗ ಕೊಟ್ಟರೆ ಥ್ರೆಡ್ ಮಾತ್ರ ಮರ ಕಚ್ಚುತ್ತದೆ. ತಲೆಯ ಕೆಳಗಿನ ನುಣುಪು ಭಾಗಕ್ಕೆ ಮಾತ್ರ 12 ಎಂಎಂ ತೂತೇ ಬೇಕು, ಇಲ್ಲದಿದ್ದರೆ ಮರ ಸೀಳುತ್ತದೆ.

ಜಾರಲಿ ಅಂತ ಸಾಬೂನು ಹಚ್ಚೋದು ರೂಢಿ. "ಸಾಬೂನು ಬೇಡ ಮಾರಾಯ್ರೆ, ಅದು ನೀರು ಎಳೀತದೆ, ತುಕ್ಕು ಹಿಡೀತದೆ" ಅಂದರು ಆಚಾರಿ. ಜೇನುಮೇಣ ಮನೆಯಲ್ಲೇ ಇತ್ತು, ಅದನ್ನೇ ಥ್ರೆಡ್ಡಿಗೆ ಉಜ್ಜಿದೆ. ಎರಡನ್ನೂ ಹಾಕಿ ನೋಡಿದಾಗ ಜಾರುವುದರಲ್ಲಿ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. ನಮ್ಮ ಮಳೆಗಾಲ ನೆನೆಸಿಕೊಂಡರೆ ನನ್ನ ಓಟು ಮೇಣಕ್ಕೇ.

ಬೋಲ್ಟ್ ತಿರುಗಿಸುವ ಯಂತ್ರ, ಇಂಪ್ಯಾಕ್ಟ್ ಡ್ರೈವರ್, ಬಾಡಿಗೆಗೆ ತಂದು ಅದರಲ್ಲೂ ಒಂದು ಬೋಲ್ಟ್ ಹಾಕಿದೆ. ಕ್ಷಣದಲ್ಲಿ ಮುಗಿಯಿತು. ಆದರೆ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯಲೇ ಇಲ್ಲ. ವಾಶರ್ ಮರದೊಳಗೆ ಹೂತು ಹೋಯಿತು. ಕೈಪಾನಾದಲ್ಲಿ ಹೊತ್ತು ಹಿಡಿಯುತ್ತದೆ ನಿಜ, ಆದರೆ ಬಿಗಿ ಬಂದದ್ದು ಅಂಗೈಗೆ ಗೊತ್ತಾಗುತ್ತದೆ. ತೊಲೆಗೆ ನಾಲ್ಕನ್ನೂ ಕೈಯಲ್ಲೇ ಹಾಕಿದೆ. ಅದೂ ತೊಲೆಯ ಪಕ್ಕಕ್ಕೆ, ಅಡ್ಡಲಾಗಿ. ಅಡಿಯಿಂದ ಮೇಲಕ್ಕೆ ಹಾಕಿದರೆ ಭಾರವೆಲ್ಲ ಥ್ರೆಡ್ಡನ್ನೇ ಕಿತ್ತೆಳೆಯುತ್ತದೆ. ಮನುಷ್ಯರು ಕೂರುವ ಮಂಚ ಅಲ್ವಾ?

ಹಿತ್ತಲ ಮಾವಿನ ಮರದ್ದು ಬೇರೆ ಲೆಕ್ಕ. ಮಕ್ಕಳ ಉಯ್ಯಾಲೆಗೆ ಮೊದಲು ಕೊಂಬೆಗೆ ಹಗ್ಗ ಸುತ್ತಿದ್ದೆವು. ಎರಡೇ ವರ್ಷಕ್ಕೆ ಸಿಪ್ಪೆ ಸುತ್ತಲೂ ಸವೆದಿತ್ತು. ಮರದ ಊಟ ಓಡಾಡೋದು ಸಿಪ್ಪೆಯ ಒಳಪದರದಲ್ಲೇ. ಸುತ್ತ ಬಿಗಿದರೆ ಆಚೆಯ ಕೊಂಬೆ ಸೊರಗುತ್ತದೆ. ದಪ್ಪನೆಯ ಬೋಲ್ಟ್ ಒಂದೇ ಆದರೆ ಗಾಯ ಒಂದೇ ಕಡೆ, ಮರ ಅದನ್ನು ಸುತ್ತುವರಿದು ಬೆಳೆಯುತ್ತದೆ. ಹಾಗಾಗಿ ತಲೆ ಪೂರ್ತಿ ಒತ್ತದೆ ಬೆಳೆಯಲು ಜಾಗ ಬಿಟ್ಟೆ. ಹಸಿಮರ ಮೆತ್ತಗೆ, ಅಲ್ಲಿ 8 ಎಂಎಂ ತೂತೇ ಸಾಕಾಯಿತು.

ಕಾರವಾರದಲ್ಲಿ ಸಮುದ್ರದ ಹತ್ತಿರವೇ ಇರುವ ಅಕ್ಕನ ಮನೆಗೆ ಇದೇ ಹೊಳೆಯುವ ಸತು ಲೇಪನದ ಬೋಲ್ಟ್ ಹಾಕಿದ್ದೆ. ಒಂದೇ ಮಳೆಗಾಲಕ್ಕೆ ಕೆಂಪಾಯಿತು. ಈಗ ಅಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಇದೆ. ದುಬಾರಿ, ಆದರೆ ಉಪ್ಪುಗಾಳಿಗೆ ಅದೇ ಬೇಕು.

ಯುಗಾದಿ ಹೊತ್ತಿಗೆ ನಮ್ಮ ಜಗಲಿಯ ತೊಲೆ ಮಳೆಗಾಲದ ತೇವ ಆರಿ ಕುಗ್ಗಿ ಎರಡು ವಾಶರ್ ಸಡಿಲಾಗಿದ್ದವು. ಪಾನಾ ಹಾಕಿ ಕಾಲು ಸುತ್ತು ತಿರುಗಿಸಿದೆ.